ಕಿವಿ ಗಡಚಿಕ್ಕಿದರೆ ಗಾಬರಿ ಬೇಡ, ಅಸಡ್ಡೆಯೂ ಬೇಡ

ನೆಗಡಿ ಬಂದು ನಾಲ್ಕು ದಿನವಾಯಿತು. ಮೂಗು ಹೇಗೋ ಬಿಟ್ಟಿತು, ಗಂಟಲೂ ಸರಿಹೋಯಿತು. ಕಿವಿ ಮಾತ್ರ ಗಡಚಿಕ್ಕಿಕೊಂಡು ಕೂತಿದೆ. ನಮ್ಮ ಮಾತೇ ನಮಗೆ ಕೊಡದೊಳಗಿಂದ ಬಂದ ಹಾಗೆ ಕೇಳುತ್ತದೆ. ಕುಕ್ಕರು ಎಷ್ಟು ಸೀಟಿ ಹಾಕಿತೋ ಲೆಕ್ಕ ತಪ್ಪುತ್ತದೆ. ಹಾಲಿನವನು ಬಾಗಿಲಲ್ಲಿ ಕೂಗಿ ಕೂಗಿ ಹೋಗಿಯೇ ಬಿಡುತ್ತಾನೆ. "ಯಾಕವ್ವಾ, ಎಷ್ಟ್ ಕರದ್ರೂ ಓ ಅನ್ನವಲ್ಲಿ?" ಎಂದು ಅತ್ತೆ ಗದರುತ್ತಾರೆ. "ಕಿವಿ ಬಂದ್ ಆಗ್ಯಾದ್ರಿ ಅತ್ತಿ" ಎಂದರೆ ಸಾಕು, ಮನೆಯಲ್ಲಿದ್ದವರೆಲ್ಲ ಒಂದೊಂದು ಔಷಧ ಹೇಳತೊಡಗುತ್ತಾರೆ. ಒಬ್ಬರದು ಬಳ್ಳೊಳ್ಳಿ ಎಣ್ಣೆ, ಇನ್ನೊಬ್ಬರದು ಕೋಳಿಪುಕ್ಕ, ಮತ್ತೊಬ್ಬರದು "ತಾನಾಗೇ ಬಿಡ್ತದ, ಸುಮ್ನಿರು" ಎಂಬ ಮಾತು.

ಸೋದರಿಯರೇ, ಈ ಮೂರರಲ್ಲಿ ಕೊನೆಯ ಮಾತು ಎಷ್ಟೋ ಸಲ ನಿಜವೇ. ಬಹಳ ಮಂದಿಗೆ ಕಿವಿ ತಾನಾಗೇ ಬಿಡುತ್ತದೆ. ಆದರೆ ಯಾವಾಗ ಸುಮ್ಮನಿರಬೇಕು, ಯಾವಾಗ ಅದೇ ದಿನ ಬಸ್ಸು ಹತ್ತಬೇಕು ಎನ್ನುವುದು ಗೊತ್ತಿರಬೇಕು. ಅದು ಗೊತ್ತಿಲ್ಲದೆ ಒಂದು ಕಿವಿಯನ್ನೇ ಕಳೆದುಕೊಂಡವರು ನಮ್ಮ ರಾಯಚೂರು, ದೇವದುರ್ಗ, ಮಾನ್ವಿ ಕಡೆಯೂ ಇದ್ದಾರೆ. ಅದಕ್ಕಾಗಿಯೇ ಈ ಲೇಖನ.

ಕಿವಿ ಕಟ್ಟುವುದು ಯಾಕೆ?

ಕಿವಿಯಲ್ಲಿ ಮೂರು ಭಾಗ. ಹೊರಗಿನಿಂದ ಒಳಗೆ ಹೋಗುವ ಓಣಿ ಒಂದು. ದೊಡ್ಡವರಲ್ಲಿ ಅದು ಸುಮಾರು 2.5 ಸೆಂಟಿಮೀಟರ್ ಉದ್ದ. ಓಣಿಯ ಕೊನೆಗೆ ತಮಟೆಯಂತೆ ಬಿಗಿದ ತೆಳುವಾದ ಪರದೆ. ಪರದೆಯ ಆಚೆ ಗಾಳಿ ತುಂಬಿದ ಪುಟ್ಟ ಕೋಣೆ, ಅದರಲ್ಲಿ ಮೂರು ಪುಟಾಣಿ ಎಲುಬು. ಅದರಾಚೆ ಒಳಕಿವಿ, ಅಲ್ಲಿಂದ ಮಿದುಳಿಗೆ ಹೋಗುವ ನರ.

ಆ ಗಾಳಿಯ ಕೋಣೆಗೆ ಒಂದೇ ಒಂದು ಕಿಟಕಿ. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಸಣ್ಣ ಕೊಳವೆಯೇ ಆ ಕಿಟಕಿ. ದೊಡ್ಡವರಲ್ಲಿ ಇದರ ಉದ್ದ ಸುಮಾರು 3.5 ಸೆಂಟಿಮೀಟರ್. 16ನೇ ಶತಮಾನದಲ್ಲಿ ಇದನ್ನು ವಿವರಿಸಿದ ಇಟಲಿಯ ವೈದ್ಯ ಯುಸ್ಟೇಶಿಯ ಹೆಸರಿನಿಂದ ಯುಸ್ಟೇಶಿಯನ್ ನಾಳ ಎನ್ನುತ್ತಾರೆ. ಈ ಕೊಳವೆ ಯಾವಾಗಲೂ ಮುಚ್ಚಿಯೇ ಇರುತ್ತದೆ. ಉಗುಳು ನುಂಗಿದಾಗ, ಆಕಳಿಸಿದಾಗ, ಅಗಿಯುವಾಗ ಒಂದು ಕ್ಷಣ ತೆರೆದು ಮತ್ತೆ ಮುಚ್ಚುತ್ತದೆ. ಆಗ ಹೊರಗಿನ ಗಾಳಿ, ಒಳಗಿನ ಗಾಳಿ ಸರಿಸಮ ಆಗುತ್ತವೆ. 'ಟಕ್' ಅಂತ ಸಪ್ಪಳ ಕೇಳುತ್ತದಲ್ಲ, ಅದೇ ಇದು.

ನೆಗಡಿಯಾದಾಗ ಮೂಗಿನೊಳಗಿನ ಚರ್ಮ ಊದಿಕೊಂಡ ಹಾಗೆ ಈ ಕೊಳವೆಯ ಬಾಯಿಯೂ ಊದಿಕೊಳ್ಳುತ್ತದೆ. ಹೊಸ ಗಾಳಿ ಹೋಗುವುದಿಲ್ಲ. ಒಳಗಿದ್ದ ಗಾಳಿಯನ್ನು ಸುತ್ತಲಿನ ಚರ್ಮ ನಿಧಾನಕ್ಕೆ ಹೀರುತ್ತದೆ. ಪರದೆ ಒಳಮುಖವಾಗಿ ಸೆಳೆದುಕೊಳ್ಳುತ್ತದೆ. ಸೆಳೆದು ಬಿಗಿಯಾದ ಪರದೆ ಸರಿಯಾಗಿ ಅದುರುವುದಿಲ್ಲ. ಅದಕ್ಕೇ ಭಾರ, ಅದಕ್ಕೇ ಮಂದ. ಅಂದಮೇಲೆ ತೊಂದರೆ ಕಿವಿಯಲ್ಲಿ ಕಂಡರೂ ಮೂಲ ಮೂಗಿನಲ್ಲಿದೆ. ಹೀಗಿರುವಾಗ ಕಿವಿಗೆ ಎಣ್ಣೆ ಹಾಕಿದರೆ ಏನು ಪ್ರಯೋಜನ, ನೀವೇ ಹೇಳಿ. ಎಣ್ಣೆ ಪರದೆಯ ಈಚೆ ನಿಲ್ಲುತ್ತದೆ, ತೊಂದರೆ ಇರುವುದು ಪರದೆಯ ಆಚೆ.

ಕಿವಿ ಕಟ್ಟಲು ಬೇರೆ ಕಾರಣಗಳೂ ಉಂಟು. ಗುಗ್ಗೆ ಗಟ್ಟಿಯಾಗಿ ಕೂತಿರಬಹುದು. ತಲೆಗೆ ನೀರು ಹಾಕಿಕೊಂಡಾಗ ನೀರು ಸಿಕ್ಕಿರಬಹುದು. ಕಿವಿಯ ಓಣಿಯಲ್ಲಿ ಬೂಷ್ಟು ಬೆಳೆದಿರಬಹುದು. ದವಡೆಯ ಕೀಲಿನ ನೋವೂ ಕಿವಿಯ ಭಾರದಂತೆ ಕಾಡುತ್ತದೆ. ಧೂಳು ಒಗ್ಗದವರಿಗೆ ಮೂಗು ಕಟ್ಟಿ, ಹಿಂದೆಯೇ ಕಿವಿ ಕಟ್ಟುತ್ತದೆ. ನಮ್ಮ ಕಡೆ ಹತ್ತಿ ಜಿನ್ನುಗಳು, ಮಾನ್ವಿ ಕಡೆ ಅಕ್ಕಿ ಗಿರಣಿಗಳು, ಭತ್ತ ತೂರುವ ಕಾಲ, ಬೇಸಿಗೆಯ ಬಿಸಿ ಗಾಳಿ ಎಲ್ಲವೂ ಇವೆ. ಧೂಳಿಗೆ ಬರವೇ ಇಲ್ಲ. ಮನೆ ಗುಡಿಸುವಾಗ, ಕಾಳು ಹಸನು ಮಾಡುವಾಗ, ಮೆಣಸಿನಕಾಯಿ ಕುಟ್ಟುವಾಗ ಸೆರಗನ್ನೇ ಮೂಗಿಗೆ ಕಟ್ಟಿಕೊಂಡರೂ ಅರ್ಧ ತೊಂದರೆ ತಪ್ಪುತ್ತದೆ.

ಮನೆಯಲ್ಲೇ ಮಾಡಬಹುದಾದದ್ದು

ನೆಗಡಿಯಿಂದ ಕಿವಿ ಕಟ್ಟಿದ್ದರೆ, ನೋವು ಜ್ವರ ಹೆಚ್ಚಿಲ್ಲದಿದ್ದರೆ, ಇವನ್ನು ಮಾಡಿ ನೋಡಿ.

1. ನುಂಗುವುದು, ಅಗಿಯುವುದು. ಇದಕ್ಕಿಂತ ಸುಲಭದ ಮದ್ದಿಲ್ಲ. ಬಾಯಲ್ಲಿ ಒಂದಿಷ್ಟು ಬಡೇಸೋಪು ಹಾಕಿಕೊಂಡು ನಿಧಾನ ಅಗಿಯಿರಿ. ಪೆಪ್ಪರಮಿಂಟು ಚೀಪಿದರೂ ಸರಿ. ಬೇಕೆಂದೇ ದೊಡ್ಡದಾಗಿ ಆಕಳಿಸಿ. ಒಂದು ಲೋಟ ಬೆಚ್ಚನೆಯ ನೀರನ್ನು ಗಟಗಟ ಕುಡಿಯದೆ ಗುಟುಕು ಗುಟುಕಾಗಿ ಕುಡಿಯಿರಿ. ಪ್ರತಿ ಗುಟುಕಿಗೂ ಆ ಕಿಟಕಿ ತೆರೆಯಲು ನೋಡುತ್ತದೆ.

2. ಮೂಗು ಹಿಡಿದು ನುಂಗುವುದು. ಬಾಯಲ್ಲಿ ಒಂದು ಗುಟುಕು ನೀರು ಇಟ್ಟುಕೊಂಡು, ಎರಡು ಬೆರಳಿಂದ ಮೂಗು ಮುಚ್ಚಿ ನುಂಗಿ. ನಾಲ್ಕೈದು ಸಲ ಮಾಡಿ. ಇದರಿಂದ ಅಪಾಯ ಕಡಿಮೆ.

3. ಮೂಗು ಮುಚ್ಚಿ ಮೆಲ್ಲಗೆ ಊದುವುದು. ಬಾಯಿ ಮುಚ್ಚಿ, ಮೂಗು ಹಿಡಿದು, ಮೂಗಿನಿಂದ ಗಾಳಿ ಬಿಡುವಂತೆ ಮೆಲ್ಲಗೆ ಒತ್ತಬೇಕು. ಇಟಲಿಯ ವಲ್ಸಾಲ್ವ ಎಂಬ ವೈದ್ಯ 1704ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಇದನ್ನು ಬರೆದ. ಆಗ ಅವನು ಹೇಳಿದ್ದು ಕಿವಿಯ ಕೀವು ಹೊರಹಾಕಲು. ಇಂದು ವಿಮಾನದಲ್ಲಿ ಹೋಗುವವರೆಲ್ಲ ಕಿವಿ ಬಿಡಿಸಲು ಇದನ್ನೇ ಮಾಡುತ್ತಾರೆ. ಮೆಲ್ಲಗೆ ಎಂಬ ಮಾತನ್ನು ಮರೆಯಬೇಡಿ. ಪುಗ್ಗ ಊದಿದಂತೆ ಜೋರು ಮಾಡಿದರೆ ಪರದೆಗೆ, ಒಳಕಿವಿಗೆ ಪೆಟ್ಟು. ನೆಗಡಿ ಜೋರಾಗಿದ್ದು ಹಸಿರು-ಹಳದಿ ಸಿಂಬಳ ಬರುತ್ತಿದ್ದಾಗ, ಕಿವಿ ನೋಯುತ್ತಿದ್ದಾಗ ಇದನ್ನು ಮಾಡಲೇಬಾರದು. ಮೂಗಿನ ಸೋಂಕನ್ನು ನಾವೇ ಕಿವಿಗೆ ತಳ್ಳಿದಂತಾಗುತ್ತದೆ. ರಕ್ತದೊತ್ತಡ, ಹೃದಯದ ಕಾಯಿಲೆ ಇರುವವರು ಮತ್ತು ಹೊಸದಾಗಿ ಕಣ್ಣಿನ ಆಪರೇಷನ್ ಆದವರೂ ಇದನ್ನು ಬಿಟ್ಟು ಎರಡನೆಯದನ್ನೇ ಮಾಡಲಿ.

4. ಉಪ್ಪುನೀರು. ಕಾಲು ಲೀಟರ್ ನೀರನ್ನು ಚೆನ್ನಾಗಿ ಕುದಿಸಿ ಆರಿಸಿ, ಅರ್ಧ ಟೀ ಚಮಚ ಉಪ್ಪು ಕರಗಿಸಿ. ಸ್ವಚ್ಛ ಹನಿಗೊಳವೆಯಿಂದ ಒಂದೊಂದು ಹೊಳ್ಳೆಗೆ ನಾಲ್ಕೈದು ಹನಿ ಬಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಒಂದು ಹೊಳ್ಳೆ ಮುಚ್ಚಿ ಇನ್ನೊಂದನ್ನು ಮೆಲ್ಲಗೆ ಸೀನಿ ತೆಗೆಯಿರಿ. ನಲ್ಲಿ ನೀರು, ಬೋರಿನ ನೀರನ್ನು ಕುದಿಸದೆ ಮೂಗಿಗೆ ಹಾಕಬೇಡಿ. ದಿನಾ ಹೊಸದಾಗಿ ಮಾಡಿಕೊಳ್ಳಿ.

5. ಹಬೆ. ಹಬೆ ಹಿಡಿದರೆ ಮೂಗಿಗೆ ಹಾಯೆನಿಸುತ್ತದೆ. ಪಾತ್ರೆಯನ್ನು ಅಲುಗಾಡದ ಮೇಜಿನ ಮೇಲಿಟ್ಟು, ಮುಖ ಒಂದು ಗೇಣು ದೂರವಿಟ್ಟು ಐದಾರು ನಿಮಿಷ ಹಿಡಿದರೆ ಸಾಕು. ಸಣ್ಣ ಮಕ್ಕಳಿಗೆ ಬೇಡವೇ ಬೇಡ. ಕುದಿನೀರಿನ ಪಾತ್ರೆ ಮಗುಚಿ ತೊಡೆ ಸುಟ್ಟುಕೊಂಡ ಮಕ್ಕಳು ಎಲ್ಲ ಊರಲ್ಲೂ ಇದ್ದಾರೆ.

6. ಶಾಖ. ಒಂದು ಹಿಡಿ ಜೋಳವನ್ನೋ ಉಪ್ಪನ್ನೋ ಹಂಚಿನ ಮೇಲೆ ಬೆಚ್ಚಗೆ ಮಾಡಿ ಬಟ್ಟೆಯಲ್ಲಿ ಗಂಟು ಕಟ್ಟಿ. ಮುಂಗೈಗೆ ಮುಟ್ಟಿಸಿ ನೋಡಿ, ತಡೆಯುವಷ್ಟು ಬಿಸಿ ಇದ್ದರೆ ಮಾತ್ರ ಕಿವಿಯ ಸುತ್ತ ಹತ್ತು ನಿಮಿಷ ಇಡಿ. ನೋವಿಗೆ ಸಮಾಧಾನ. ಕಿವಿ ಸೋರುತ್ತಿದ್ದರೆ ಶಾಖ ಬೇಡ, ದವಾಖಾನೆಗೆ ಹೋಗಿ.

7. ಮಲಗುವಾಗ ಎರಡು ದಿಂಬು ಇಟ್ಟು ತಲೆ ಎತ್ತರ ಮಾಡಿಕೊಳ್ಳಿ. ಕಟ್ಟಿದ ಕಿವಿ ಮೇಲೆ ಬರುವಂತೆ ಮಗ್ಗುಲಾಗಿ.

ಮೂಗಿನ ಹನಿ ಔಷಧವನ್ನು ಅಂಗಡಿಯಿಂದ ತರಿಸುವವರು ಒಂದು ಸಂಗತಿ ನೆನಪಿಡಿ. ಮೂಗು ಬಿಡಿಸುವ ಹನಿಯನ್ನು ಮೂರರಿಂದ ಐದು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ, ಹನಿಯಿಲ್ಲದೆ ನಿದ್ದೆಯೇ ಬಾರದು ಎಂಬಂತಾಗುತ್ತದೆ. ಬಿ.ಪಿ. ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಹಾಕಬಾರದು. ದೊಡ್ಡವರ ಹನಿಯನ್ನು ಮಕ್ಕಳಿಗೆ ಹಾಕಲೇಬಾರದು.

ಗಂಟಲಿಗೆ ಹಿತವಾದ ಕಷಾಯ

ಬೇಕಾಗುವ ಸಾಮಾನು: ಧನಿಯಾ 2 ಚಮಚ, ಜೀರಿಗೆ 1 ಚಮಚ, ಕರಿಮೆಣಸು 8 ಕಾಳು, ಒಂದು ಇಂಚು ಹಸಿ ಶುಂಠಿ, ತುಳಸಿ ಎಲೆ 10, ಬೆಲ್ಲ ರುಚಿಗೆ, ನೀರು 3 ಲೋಟ.

ಮಾಡುವ ವಿಧಾನ: ಧನಿಯಾ, ಜೀರಿಗೆ, ಮೆಣಸನ್ನು ಘಮ್ಮೆನ್ನುವವರೆಗೆ ಸಣ್ಣ ಉರಿಯಲ್ಲಿ ಹುರಿದು ತರಿತರಿಯಾಗಿ ಕುಟ್ಟಿ. ನೀರು ಕುದಿಯುವಾಗ ಪುಡಿ, ಜಜ್ಜಿದ ಶುಂಠಿ, ತುಳಸಿ ಹಾಕಿ ಮೂರು ಲೋಟ ಎರಡು ಲೋಟವಾಗುವವರೆಗೆ ಕುದಿಸಿ. ಬೆಲ್ಲ ಹಾಕಿ ಇಳಿಸಿ ಸೋಸಿ. ಬೇಕಾದರೆ ಸ್ವಲ್ಪ ಹಾಲು ಸೇರಿಸಿ. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಡಿ.

ಈ ಕಷಾಯ ಕಿವಿಯನ್ನು ನೇರವಾಗಿ ಬಿಡಿಸುತ್ತದೆ ಎಂದು ನಾನು ಹೇಳುವುದಿಲ್ಲ. ಗಂಟಲಿಗೆ ಹಿತ, ಮೈ ಬೆಚ್ಚಗಾಗುತ್ತದೆ. ಗುಟುಕು ಗುಟುಕಾಗಿ ನುಂಗುವಾಗ ಕಿವಿಯ ಕೊಳವೆಗೂ ಕೆಲಸ ಕೊಟ್ಟಂತಾಗುತ್ತದೆ. ಅಷ್ಟೇ, ಅಷ್ಟು ಸಾಕಲ್ಲವೇ?

ಗುಗ್ಗೆಯ ಸಂಗತಿ

ಗುಗ್ಗೆ ಹೊಲಸಲ್ಲ. ಧೂಳು, ಹುಳ, ನೀರು ಒಳಗೆ ಹೋಗದಂತೆ ತಡೆಯಲು ದೇಹವೇ ಮಾಡಿಕೊಂಡ ಕಾವಲು. ಕಿವಿಯೊಳಗಿನ ಚರ್ಮ ಒಳಗಿನಿಂದ ಹೊರಕ್ಕೆ ನಿಧಾನವಾಗಿ ಸರಿಯುತ್ತಾ ಬೆಳೆಯುತ್ತದೆ. ನಾವು ಅಗಿಯುವಾಗ ದವಡೆ ಅಲುಗಾಡಿ ಗುಗ್ಗೆ ತಾನಾಗೇ ಹೊರಗೆ ಬರುತ್ತದೆ. ಹೊರಗೆ ಬಂದದ್ದನ್ನು ಒದ್ದೆ ಬಟ್ಟೆಯ ತುದಿಯಿಂದ ಒರೆಸಿದರೆ ಮುಗಿಯಿತು.

ನಾವು ಸುಮ್ಮನಿರುತ್ತೇವೆಯೇ? ಕಡ್ಡಿಪೆಟ್ಟಿಗೆಯ ಕಡ್ಡಿ, ತಲೆಪಿನ್ನು, ಪಿನ್ನೂಸು, ಕೀಲಿಕೈ, ಹತ್ತಿ ಸುತ್ತಿದ ಬಡ್ಸು, ಕೈಗೆ ಸಿಕ್ಕಿದ್ದೆಲ್ಲ ಕಿವಿಗೆ. ಸ್ವಲ್ಪ ಹೊರಗೆ ಬಂದರೆ ಉಳಿದದ್ದು ಪರದೆಯವರೆಗೆ ತಳ್ಳಿಕೊಂಡು ಹೋಗಿ ಬಿರಡೆಯಂತೆ ಕೂರುತ್ತದೆ. ಅಭ್ಯಂಜನದ ದಿನ ನೀರು ಬಿದ್ದ ಕೂಡಲೇ ಆ ಬಿರಡೆ ಉಬ್ಬಿ, ಅಲ್ಲಿಯತನಕ ಚೆನ್ನಾಗಿದ್ದ ಕಿವಿ ಒಮ್ಮೆಲೇ ಮುಚ್ಚಿಹೋಗುತ್ತದೆ.

ಗುಗ್ಗೆಯೇ ಎಂದು ಡಾಕ್ಟರು ನೋಡಿ ಹೇಳಿದ್ದರೆ, ಪರದೆಯಲ್ಲಿ ತೂತಿಲ್ಲದಿದ್ದರೆ, ಕಿವಿ ಎಂದೂ ಸೋರಿಲ್ಲದಿದ್ದರೆ, ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆ ಎರಡು ಮೂರು ಹನಿ, ದಿನಕ್ಕೆ ಎರಡು ಸಲ, ಮೂರು ನಾಲ್ಕು ದಿನ ಹಾಕಬಹುದು. ಗುಗ್ಗೆ ಮೆತ್ತಗಾಗುತ್ತದೆ. ಆಮೇಲೆ ತೆಗೆಯುವ ಕೆಲಸ ಡಾಕ್ಟರದು. ಅವರು ಮೈ ಬಿಸಿಯಷ್ಟೇ, ಅಂದರೆ ಸುಮಾರು 37 ಡಿಗ್ರಿ ಬಿಸಿಯ ನೀರನ್ನು ಪಿಚಕಾರಿಯಿಂದ ಬಿಟ್ಟು ತೊಳೆಯುತ್ತಾರೆ, ಇಲ್ಲವೆ ಯಂತ್ರದಿಂದ ಹೀರಿ ತೆಗೆಯುತ್ತಾರೆ. ತಣ್ಣೀರು ಹಾಕಿದರೆ ತಲೆ ಗಿರ್ರೆಂದು ತಿರುಗುತ್ತದೆ. ಆದ್ದರಿಂದ ಮನೆಯಲ್ಲಿ ಪಿಚಕಾರಿಯ ಸಾಹಸ ಬೇಡ.

ಇವನ್ನು ಮಾಡಲೇಬೇಡಿ

ಬಳ್ಳೊಳ್ಳಿ ಕಾಯಿಸಿದ ಬಿಸಿ ಎಣ್ಣೆ ಕಿವಿಯ ಓಣಿಯನ್ನು ಸುಡುತ್ತದೆ. ಪರದೆ ತೂತಾಗಿದ್ದರೆ ನೇರ ಒಳಕ್ಕೆ ಇಳಿಯುತ್ತದೆ. ಎದೆಹಾಲು, ಸೊಪ್ಪಿನ ರಸ, ಈರುಳ್ಳಿ ರಸ ಇವನ್ನೂ ಹಾಕಬೇಡಿ. ನಮ್ಮ ಬಿಸಿಲಿನ ಊರಲ್ಲಿ ಬೆವರಿನ ಕಿವಿಗೆ ಎಣ್ಣೆಯ ಜಿಡ್ಡು ಸೇರಿದರೆ ಬೂಷ್ಟು ಬೆಳೆಯಲು ಅಷ್ಟೇ ಸಾಕು. ಆಮೇಲೆ ತುರಿಕೆ, ನೋವು, ಮತ್ತೆ ಕಿವಿ ಬಂದ್.

ಕೂಸಿಗೆ ಎರೆಯುವಾಗ ಕಿವಿಗೆ ಮೂಗಿಗೆ ಎಣ್ಣೆ ಬಿಟ್ಟು ಊದುವ ಪದ್ಧತಿ ಹಲವು ಮನೆಗಳಲ್ಲಿ ಇನ್ನೂ ಇದೆ. ಎರೆಯುವ ಅಜ್ಜಿಯ ಮನಸ್ಸು ನೋಯಿಸದೆ, "ಡಾಕ್ಟರು ಬ್ಯಾಡ ಅಂದಾರ, ಮೈಗಷ್ಟೇ ಹಚ್ಚವ್ವ" ಎಂದು ಹೇಳಿ ತಪ್ಪಿಸಿ.

ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಕಿವಿ ಸ್ವಚ್ಛ ಮಾಡುವವರ ಮುಂದೆ ಕಿವಿ ಒಡ್ಡಬೇಡಿ. ಒಂದೇ ಸಲಾಕೆ ಹತ್ತು ಕಿವಿಗೆ ಹೋಗುತ್ತದೆ. ಕಿವಿಗೆ ಮೇಣದ ಬತ್ತಿ ಇಟ್ಟು ಹಚ್ಚುವುದನ್ನು ಮೊಬೈಲಿನಲ್ಲಿ ತೋರಿಸುತ್ತಾರೆ; ಅದರಿಂದ ಗುಗ್ಗೆಯೂ ಬರುವುದಿಲ್ಲ, ಒತ್ತಡವೂ ಇಳಿಯುವುದಿಲ್ಲ, ಸುಟ್ಟ ಗಾಯ ಮಾತ್ರ.

ಮಾಳಿಗೆ ಮೇಲೆ ಮಲಗಿದಾಗ ಹುಳ ಹೊಕ್ಕರೆ ಮಾತ್ರ ಎಣ್ಣೆಗೆ ಅವಕಾಶ. ಕಿವಿ ಮೇಲೆ ಮಾಡಿ ಮಲಗಿ, ಬಿಸಿ ಮಾಡದ ಎಣ್ಣೆ ನಾಲ್ಕು ಹನಿ ಬಿಟ್ಟರೆ ಹುಳ ಸಾಯುತ್ತದೆ, ಒದ್ದಾಟ ನಿಲ್ಲುತ್ತದೆ. ತೆಗೆಸಲು ಬೆಳಿಗ್ಗೆ ದವಾಖಾನೆಗೆ ಹೋಗಿ. ಪರದೆ ತೂತಾದವರಿಗೆ ಇದೂ ಬೇಡ.

ಘಾಟು, ಬೆಟ್ಟ, ವಿಮಾನ

ರಾಯಚೂರಿನ ನೆಲ ಸಮುದ್ರಮಟ್ಟಕ್ಕಿಂತ ಸುಮಾರು 400 ಮೀಟರ್ ಎತ್ತರ, ಸಪಾಟು. ಹಾಗಾಗಿ ಊರಲ್ಲಿ ಕಿವಿಗೆ ಏನೂ ಅನಿಸದು. ಶ್ರೀಶೈಲದ ಘಾಟು, ಧರ್ಮಸ್ಥಳಕ್ಕೆ ಹೋಗುವಾಗ ಚಾರ್ಮಾಡಿ ಘಾಟು, ತಿರುಪತಿಯಿಂದ ಸುಮಾರು 850 ಮೀಟರ್ ಎತ್ತರದ ತಿರುಮಲೆಗೆ ಹತ್ತುವ ದಾರಿ, ಇಲ್ಲೆಲ್ಲ ಕಿವಿ 'ಟಪ್' ಎನ್ನುತ್ತದೆ. ಸಾವಿರ ಅಡಿ ಏರಿದರೆ ಗಾಳಿಯ ಒತ್ತಡ ನೂರಕ್ಕೆ ಮೂರು ನಾಲ್ಕು ಪಾಲು ಇಳಿಯುತ್ತದೆ. ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ನೆಲದಾಳಕ್ಕೆ ಇಳಿಯುವವರಿಗೂ ಇದೇ ಅನುಭವ, ಆದರೆ ತಿರುವುಮುರುವು.

ಹತ್ತುವಾಗಿಗಿಂತ ಇಳಿಯುವಾಗ ಕಿವಿ ಹೆಚ್ಚು ಬಾಧೆ ಕೊಡುತ್ತದೆ. ಯಾಕೆಂದರೆ ಆ ಕೊಳವೆಯಿಂದ ಗಾಳಿ ಹೊರಗೆ ಹೋಗುವುದು ಸುಲಭ, ಒಳಗೆ ಬರುವುದು ಕಷ್ಟ. ಆದ್ದರಿಂದ ಬಸ್ಸು ಘಾಟು ಇಳಿಯುವಾಗ ನಿದ್ದೆ ಮಾಡಬೇಡಿ; ನಿದ್ದೆಯಲ್ಲಿ ನಾವು ನುಂಗುವುದು ಕಡಿಮೆ. ಪೆಪ್ಪರಮಿಂಟು ಬಾಯಲ್ಲಿರಲಿ.

ಈಗ ನಮ್ಮ ಊರುಗಳಿಂದಲೂ ಮಕ್ಕಳ ಬಾಣಂತನಕ್ಕೆಂದು ತಾಯಂದಿರು ಹೈದರಾಬಾದಿನ ಶಂಷಾಬಾದಿನಿಂದ ವಿಮಾನ ಹತ್ತುತ್ತಾರೆ. ವಿಮಾನದೊಳಗಿನ ಗಾಳಿಯ ಒತ್ತಡ ಏಳೆಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ. ಇಳಿಯುವುದಕ್ಕೆ ಅರ್ಧ ತಾಸು ಮೊದಲೇ ಎಚ್ಚರಾಗಿ, ನುಂಗುತ್ತಾ ಅಗಿಯುತ್ತಾ ಇರಿ. ಕೂಸಿದ್ದರೆ ಆಗ ನೆಟ್ಟಗೆ ಎತ್ತಿಕೊಂಡು ಹಾಲುಣಿಸಿ. ಕೂಸು ಅತ್ತರೂ ಒಳ್ಳೆಯದೇ, ಅಳುವಾಗಲೂ ಕಿವಿ ಬಿಡುತ್ತದೆ. ಜೋರು ನೆಗಡಿ, ಕಿವಿನೋವು ಇದ್ದರೆ ಪ್ರಯಾಣ ಮುಂದೆ ಹಾಕಲು ಸಾಧ್ಯವೇ ನೋಡಿ. ಆಗದಿದ್ದರೆ ಮೊದಲೇ ಡಾಕ್ಟರ ಸಲಹೆ ಪಡೆಯಿರಿ.

ಮಗು ಓದುತ್ತಿಲ್ಲವೇ? ಕಿವಿ ತೋರಿಸಿ

ಮಕ್ಕಳ ಕೊಳವೆ ಗಿಡ್ಡ, ಹೆಚ್ಚು ಅಡ್ಡಡ್ಡ. ಅದಕ್ಕೇ ನೆಗಡಿ ಬಂದರೆ ಕಿವಿಗೆ ಬೇಗ ಇಳಿಯುತ್ತದೆ. ಕೆಲವು ಮಕ್ಕಳಲ್ಲಿ ಪರದೆಯ ಹಿಂದೆ ಅಂಟಿನಂಥ ನೀರು ತುಂಬಿ ತಿಂಗಳುಗಟ್ಟಲೆ ನಿಲ್ಲುತ್ತದೆ. ನೋವಿಲ್ಲ, ಜ್ವರವಿಲ್ಲ. ಕೇಳಿಸುವುದು ಮಾತ್ರ ಮಂದ. ಮಗು ಟಿ.ವಿ. ಸದ್ದು ಹೆಚ್ಚಿಸುತ್ತದೆ, ಪ್ರತಿ ಮಾತಿಗೂ "ಆಂ?" ಎನ್ನುತ್ತದೆ, ಶಾಲೆಯಲ್ಲಿ ಹಿಂದೆ ಬೀಳುತ್ತದೆ. ನಾವು ಏನು ತಿಳಿಯುತ್ತೇವೆ? ಲಕ್ಷ್ಯವಿಲ್ಲ, ಮೊಂಡ, ದಡ್ಡ. ಕೇಳದ ಮಗುವಿಗೆ ಹೇಳಿದ ಮಾತು ಕೇಳಲಿಲ್ಲವೆಂದು ಏಟು ಕೊಡುವುದಕ್ಕಿಂತ ದೊಡ್ಡ ಅನ್ಯಾಯ ಯಾವುದಿದೆ?

ಮಗುವಿನ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆದು ನೋಡಿ. ಸಂಶಯ ಬಂದರೆ ತೋರಿಸಿ. ಬಹಳಷ್ಟು ಮಕ್ಕಳಿಗೆ ಮೂರು ತಿಂಗಳೊಳಗೆ ಆ ನೀರು ತಾನಾಗೇ ಇಂಗುತ್ತದೆ. ಹಾಗಾಗದೆ ಕೇಳಿಸುವುದಕ್ಕೆ ತೊಡಕಾದರೆ ಪರದೆಯಲ್ಲಿ ಸಣ್ಣ ಸೀಳು ಮಾಡಿ ನೀರು ತೆಗೆದು 'ಗ್ರೋಮೆಟ್' ಎಂಬ ಪುಟ್ಟ ನಳಿಗೆ ಕೂರಿಸುತ್ತಾರೆ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಅದು ತಾನಾಗೇ ಬಿದ್ದುಹೋಗುತ್ತದೆ. ಹಾಲಿನ ಬಾಟಲಿಯನ್ನು ಮಲಗಿಸಿ ಬಾಯಿಗಿಡುವುದು, ಮನೆಯೊಳಗೆ ಬೀಡಿ ಸಿಗರೇಟು ಸೇದುವುದು, ಒಲೆಯ ಹೊಗೆ, ಇವೆಲ್ಲ ಮಕ್ಕಳ ಕಿವಿಗೆ ಶತ್ರುಗಳು.

ಒಂದು ಮಾತು ಹೇಳಲೇಬೇಕು. ಕಪಾಳಕ್ಕೆ ಬೀಳುವ ಏಟಿನಿಂದ ಕಿವಿಯ ಪರದೆ ಹರಿಯುತ್ತದೆ. ಮಗುವಿಗೆ ಬಿದ್ದರೂ ಅಷ್ಟೇ, ಹೆಂಡತಿಗೆ ಬಿದ್ದರೂ ಅಷ್ಟೇ. ಏಟಿನ ನಂತರ ಕಿವಿ ಗುಂಯ್ ಎಂದು ಮುಚ್ಚಿದರೆ ನೀರು, ಎಣ್ಣೆ, ಹನಿ ಏನೂ ಹಾಕದೆ ಡಾಕ್ಟರಿಗೆ ತೋರಿಸಿ. ನಾಚಿಕೆಯಿಂದ "ಬಿದ್ದೆ" ಎನ್ನದೆ ಆದದ್ದನ್ನೇ ಹೇಳಿ. ಒಣಗಿಸಿ ಇಟ್ಟುಕೊಂಡರೆ ಸಣ್ಣ ತೂತುಗಳು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾವೇ ಕೂಡುತ್ತವೆ.

ಕಾಯಬಾರದ ಕಿವಿ

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಮಾನ್ವಿಯಲ್ಲಿರುವ ನಮ್ಮ ದೂರದ ಸಂಬಂಧಿಯೊಬ್ಬಾಕೆ ಒಂದು ಮುಂಜಾನೆ ಏಳುವಾಗ ಬಲಗಿವಿ ಮುಚ್ಚಿದಂತಿತ್ತು, ಒಳಗೆ ಗುಂಯ್ ಎನ್ನುತ್ತಿತ್ತು. ನೋವಿಲ್ಲ, ಜ್ವರವಿಲ್ಲ. ಗುಗ್ಗೆ ಇರಬೇಕು ಎಂದು ಎಣ್ಣೆ ಬಿಟ್ಟರು, ಹತ್ತಿ ಇಟ್ಟರು. ಮಗಳ ಪರೀಕ್ಷೆ ನಡೆದಿತ್ತು, ಆಮೇಲೆ ಊರ ಜಾತ್ರೆ ಬಂತು. "ನಂದೇನ್ ದೊಡ್ಡದು, ಕಿವಿ ತಾನೇ" ಎಂದು ದಿನ ದೂಡಿದಳು. ರಾಯಚೂರಿಗೆ ಬಂದು ತೋರಿಸುವಷ್ಟರಲ್ಲಿ ಒಂದು ತಿಂಗಳು ಸಮೀಪಿಸಿತ್ತು. ಡಾಕ್ಟರು ನೋಡಿದರೆ ಗುಗ್ಗೆಯೂ ಇಲ್ಲ, ಪರದೆಯೂ ಸರಿಯಾಗಿದೆ. ಕೆಟ್ಟದ್ದು ಒಳಕಿವಿ. "ಮೊದಲ ವಾರದಲ್ಲೇ ಬಂದಿದ್ದರೆ ಒಂದು ಅವಕಾಶವಿತ್ತಮ್ಮ" ಎಂದರಂತೆ. ಈಗಲೂ ಆಕೆ ಮದುವೆ ಮನೆಯಲ್ಲಿ ಎಡಗಿವಿ ಮಂದಿಯ ಕಡೆ ಬರುವಂತೆ ಜಾಗ ನೋಡಿ ಕೂರುತ್ತಾಳೆ. ಹಿಂದಿನಿಂದ ಬರುವ ಆಟೋದ ಸಪ್ಪಳ ಯಾವ ಕಡೆಯದೆಂದು ತಿಳಿಯುವುದಿಲ್ಲ.

ದೇವದುರ್ಗದಲ್ಲಿ ಇನ್ನೊಬ್ಬಾಕೆಗೆ ಇಂಥದ್ದೇ ಆದಾಗ ಮಗ ಮೂರನೆಯ ದಿನವೇ ಕರೆದುಕೊಂಡು ಬಂದ. ಔಷಧ ಶುರುವಾಯಿತು. ಬಹುಪಾಲು ಕೇಳಿಸುವುದು ಮರಳಿತು.

ಇದನ್ನು ದಿಢೀರ್ ಕಿವುಡು ಎನ್ನಬಹುದು. ಕೆಲವೇ ತಾಸುಗಳಲ್ಲಿ, ಹೆಚ್ಚೆಂದರೆ ಮೂರು ದಿನದೊಳಗೆ ಸಾಮಾನ್ಯವಾಗಿ ಒಂದು ಕಿವಿ ಮಂದವಾಗುತ್ತದೆ. ಕಿವಿ ಕಟ್ಟಿದಂತೆಯೇ ಅನಿಸುವುದರಿಂದ ಮೋಸ ಹೋಗುತ್ತೇವೆ. ಕೆಲವರಿಗೆ ತಾನಾಗೇ ಮರಳುತ್ತದೆ ಎನ್ನುವುದೂ ನಿಜ, ಆದರೆ ಯಾರಿಗೆ ಮರಳುತ್ತದೆಂದು ಮೊದಲೇ ಹೇಳುವಂತಿಲ್ಲ. ಸ್ಟೀರಾಯ್ಡ್ ಔಷಧವನ್ನು ಮೊದಲ ಕೆಲವೇ ದಿನಗಳಲ್ಲಿ, ತಡವೆಂದರೆ ಎರಡು ವಾರದೊಳಗೆ ಆರಂಭಿಸಿದರೆ ಗುಣವಾಗುವ ಅವಕಾಶ ಹೆಚ್ಚು.

ಮನೆಯಲ್ಲೇ ಒಂದು ಸುಳಿವು ಪಡೆಯಬಹುದು. ಬಾಯಿ ಮುಚ್ಚಿ "ಹೂಂ..." ಎಂದು ಗುನುಗಿ. ಕಟ್ಟಿದ ಕಿವಿಯಲ್ಲೇ ಸದ್ದು ಜೋರಾಗಿ ಕೇಳಿದರೆ ಗುಗ್ಗೆ, ನೆಗಡಿಯಂಥ ಅಡಚಣೆ ಇರುವ ಸಂಭವ ಹೆಚ್ಚು. ಸರಿಯಾದ ಕಿವಿಯಲ್ಲಿ ಜೋರಾಗಿ ಕೇಳಿದರೆ ಒಳಕಿವಿಯ ತೊಂದರೆ ಇರಬಹುದು, ಅಂದೇ ಹೊರಡಿ. ಇದು ಸುಳಿವು ಮಾತ್ರ. ಇದನ್ನು ನಂಬಿ ಮನೆಯಲ್ಲಿ ಕೂರಬೇಡಿ.

ಇನ್ನು ಈ ಲಕ್ಷಣಗಳಿದ್ದರೂ ತಡ ಮಾಡಬಾರದು:

- ಕಿವಿಯಿಂದ ಕೀವು, ರಕ್ತ ಬರುವುದು; ಜ್ವರದ ಜೊತೆ ಜೋರು ನೋವು
- ಕಿವಿಯ ಹಿಂದೆ ಬಾವು. ಕಿವಿ ಮುಂದಕ್ಕೆ ಬಾಗಿದಂತೆ ಕಾಣುವುದು
- ತಲೆ ತಿರುಗಿ ವಾಂತಿಯಾಗುವುದು. ಮುಖ ಒಂದು ಕಡೆ ಸೊಟ್ಟಗಾಗುವುದು
- ಸಕ್ಕರೆ ಕಾಯಿಲೆಯವರಿಗೆ ರಾತ್ರಿ ನಿದ್ದೆಗೆಡಿಸುವ ಕಿವಿನೋವು
- ದೊಡ್ಡವರಲ್ಲಿ ನೆಗಡಿಯಿಲ್ಲದೆ ಒಂದೇ ಕಿವಿ ಮೂರ್ನಾಲ್ಕು ವಾರ ಕಟ್ಟಿರುವುದು. ಮೂಗಿನ ಹಿಂಭಾಗವನ್ನು ಆಗ ದುರ್ಬೀನಿನಿಂದ ನೋಡಿಸಲೇಬೇಕು. ಅಪರೂಪಕ್ಕೆ ಅಲ್ಲಿ ಗಡ್ಡೆ ಇರುವುದುಂಟು.

ದವಾಖಾನೆಯಲ್ಲಿ ಏನು ಮಾಡುತ್ತಾರೆ?

ಅಂಜುವಂಥದ್ದು ಏನಿಲ್ಲ. ಬೆಳಕಿನ ಸಣ್ಣ ಕೊಳವೆಯಿಂದ ಪರದೆಯನ್ನು ನೋಡುತ್ತಾರೆ. ಕವಲಿನ ಕಬ್ಬಿಣವನ್ನು ಬಡಿದು ಹಣೆಗೆ, ಕಿವಿಯ ಹಿಂದೆ ಇಟ್ಟು "ಯಾವ ಕಡೆ ಕೇಳ್ತದ?" ಎನ್ನುತ್ತಾರೆ. ಬೇಕಾದರೆ ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಕಿವಿಯ ಪರೀಕ್ಷೆ ಮಾಡಿ ಗೆರೆಪಟ್ಟಿ ಕೊಡುತ್ತಾರೆ. ಆ ಕಾಗದವನ್ನು ಜೋಪಾನವಾಗಿಡಿ. ಇನ್ನೊಂದು ಯಂತ್ರ ಪರದೆಯ ಹಿಂದಿನ ಒತ್ತಡವನ್ನೇ ಅಳೆಯುತ್ತದೆ. ಯಾವುದೂ ನೋಯುವುದಿಲ್ಲ. ಕಾರಣ ಸಿಕ್ಕಮೇಲೆ ಅದಕ್ಕೆ ತಕ್ಕ ಮದ್ದು: ಮೂಗಿಗೆ ಸ್ಪ್ರೇ, ಸೋಂಕಿದ್ದರೆ ಗುಳಿಗೆ, ಬೂಷ್ಟಿದ್ದರೆ ಸ್ವಚ್ಛ ಮಾಡಿ ಹನಿ, ತೂತಿದ್ದರೆ ಹೊಲಿದಂತೆ ಮುಚ್ಚುವ ಆಪರೇಷನ್. ಮಾತ್ರೆ ಕೊಟ್ಟಷ್ಟೂ ದಿನ ಪೂರ್ತಿ ತೆಗೆದುಕೊಳ್ಳಿ. ನೋವು ಹೋಯಿತೆಂದು ನಡುವೆ ಬಿಡಬೇಡಿ.

ದೇವದುರ್ಗ, ಮಾನ್ವಿಯವರು ಮೊದಲು ತಾಲೂಕು ಆಸ್ಪತ್ರೆಗೆ ತೋರಿಸಬಹುದು. ಕಿವಿ-ಮೂಗು-ಗಂಟಲಿನ ತಜ್ಞರು ಯಾವ ದಿನ ಸಿಗುತ್ತಾರೆಂದು ಮೊದಲೇ ವಿಚಾರಿಸಿಕೊಳ್ಳಿ. ರಾಯಚೂರಿನಲ್ಲಿ 2007ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಸಂಸ್ಥೆ 'ರಿಮ್ಸ್'ನಲ್ಲಿ ಈ ವಿಭಾಗ ಇದೆ. ದಿಢೀರ್ ಕಿವುಡಾಗಿದ್ದರೆ ತಜ್ಞರ ವಾರ ಬರಲೆಂದು ಕಾಯದೆ ನೇರ ರಾಯಚೂರಿಗೆ ಬನ್ನಿ. ರೇಷನ್ ಕಾರ್ಡು, ಆಧಾರ್ ಚೀಲದಲ್ಲಿರಲಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮ್ಮ ಚಿಕಿತ್ಸೆ ಬರುತ್ತದೆಯೇ ಎಂದು ಕೌಂಟರಿನಲ್ಲಿ ಕೇಳಿ. ಅಂಗನವಾಡಿ, ಸರಕಾರಿ ಶಾಲೆಗಳಿಗೆ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಮಗುವಿನ ಕಿವಿಯ ಬಗ್ಗೆ ಸಂಕೋಚವಿಲ್ಲದೆ ಹೇಳಿ. 2013ರಿಂದ ನಡೆದಿರುವ ಈ ತಪಾಸಣೆಯಲ್ಲಿ ಕಿವಿಯೂ ಸೇರಿದೆ. ಕಿವುಡಿಗೆ ಹೆಚ್ಚಿನ ಪರೀಕ್ಷೆ, ಶ್ರವಣಯಂತ್ರ ಬೇಕಾದವರಿಗೆ ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಸೋದರಿಯರೇ, ಮಗನಿಗೆ ಒಂದು ಸೀನು ಬಂದರೆ ದವಾಖಾನೆಗೆ ಓಡುವವರು ನಾವು. ಯಜಮಾನರ ಬಿ.ಪಿ. ಗುಳಿಗೆ ಮರೆಯದೆ ಕೊಡುವವರೂ ನಾವೇ. ನಮ್ಮ ಕಿವಿಯ ಸರದಿ ಬಂದಾಗ ಮಾತ್ರ ಜಾತ್ರೆ ಮುಗಿಯಲಿ, ಪರೀಕ್ಷೆ ಮುಗಿಯಲಿ, ಸಂಬಳ ಬರಲಿ. ನೆಗಡಿಯ ಕಿವಿಗೆ ಒಂದೆರಡು ವಾರ ಕೊಡಿ, ತಪ್ಪಿಲ್ಲ. ಗುಗ್ಗೆಯ ಕಿವಿಗೆ ನಾಲ್ಕು ದಿನ ಕೊಡಿ. ನೆಗಡಿಯಿಲ್ಲದೆ ದಿಢೀರನೆ ಮಂದವಾದ ಕಿವಿಗೆ ಮಾತ್ರ ಒಂದು ದಿನವನ್ನೂ ಕೊಡಬೇಡಿ. ಅಂದಿನ ಅಡುಗೆಯನ್ನು ಮನೆಯಲ್ಲಿ ಯಾರಾದರೂ ಮಾಡಿಕೊಳ್ಳಲಿ, ನೀವು ಬಸ್ಸು ಹತ್ತಿ.